ಧ್ಯಾನಕ್ಕೆ ಕೂತರೆ ತೂಕಡಿಕೆ: ಇದು ಪಾಪವೇ, ಇದಕ್ಕೆ ಪ್ರಾಯಶ್ಚಿತ್ತ ಉಂಟೇ?

ಪ್ರಶ್ನೆ: ನನಗೆ ಅರವತ್ತೆರಡು ವರ್ಷ. ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ಹೋದ ವರ್ಷ ಮಗಳ ಒತ್ತಾಯಕ್ಕೆ ಹತ್ತು ದಿನದ ಮೌನ ಶಿಬಿರಕ್ಕೆ ಹೋಗಿ ಬೌದ್ಧರ ಉಸಿರಿನ ಧ್ಯಾನ ಕಲಿತುಬಂದೆ. ಅಲ್ಲಿಂದ ಬಂದ ಮೇಲೆ ದಿನಾ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕೂರುತ್ತೇನೆ. ಹತ್ತು ನಿಮಿಷ ಆಗುವುದರೊಳಗೆ ತೂಕಡಿಕೆ ಶುರು. ಎಚ್ಚರವಿದ್ದರೂ ತಲೆಯೊಳಗೆ ಮಂಜು ಕವಿದ ಹಾಗೆ. ಅದೇ ಟೀವಿ ಮುಂದೆ ಕೂತರೆ, ಅಡುಗೆಮನೆಯಲ್ಲಿದ್ದರೆ ನಿದ್ದೆಯೇ ಬರುವುದಿಲ್ಲ. ನಮ್ಮ ಓರಗಿತ್ತಿ, "ನಮ್ಮ ದೇವರ ಜಪ ಬಿಟ್ಟು ಬೇರೆಯವರ ಧ್ಯಾನ ಹಿಡಿದದ್ದಕ್ಕೆ ಹೀಗೆ" ಅನ್ನುತ್ತಾರೆ. ಜ್ಯೋತಿಷಿಗಳೊಬ್ಬರು ಶನಿಯ ದೋಷ, ಶಾಂತಿ ಆಗಬೇಕು ಎಂದಿದ್ದಾರೆ. ನನ್ನನ್ನು ಕೊರೆಯುವುದು ಬೇರೆ. ಯಜಮಾನರು ಕೊನೆಯ ಆರು ತಿಂಗಳು ಹಾಸಿಗೆ ಹಿಡಿದಿದ್ದರು. ರಾತ್ರಿಯೆಲ್ಲ ಅವರ ಉಸಿರು ಕೇಳುತ್ತಾ ಪಕ್ಕದಲ್ಲಿ ಕೂತಿರುತ್ತಿದ್ದೆ. ಅವರು ಹೋದ ರಾತ್ರಿ ನನಗೆ ನಿದ್ದೆ ಹತ್ತಿಬಿಟ್ಟಿತ್ತು. ಎದ್ದು ನೋಡುವಾಗ ಎಲ್ಲ ಮುಗಿದಿತ್ತು. ಅಂದು ಮಾಡಿದ ತಪ್ಪೇ ಇಂದು ಧ್ಯಾನಕ್ಕೆ ಅಡ್ಡ ಬರುತ್ತಿದೆಯೇ? ನಿದ್ದೆ ನನ್ನ ಪಾಪವೇ? ಏನು ಪ್ರಾಯಶ್ಚಿತ್ತ ಮಾಡಬೇಕು?
– ಓದುಗರೊಬ್ಬರು (ಹೆಸರು, ಊರು ಬೇಡವೆಂದು ತಿಳಿಸಿದ್ದಾರೆ)

ಉತ್ತರ: ತಾಯಿ, ನೀವು ಒಂದು ಪ್ರಶ್ನೆ ಅಂತ ಬರೆದಿದ್ದೀರಿ, ಆದರೆ ಅದರಲ್ಲಿ ನಾಲ್ಕು ಪ್ರಶ್ನೆಗಳಿವೆ. ಬೇರೆಯವರ ಧ್ಯಾನ ಮಾಡಬಹುದೇ, ಗ್ರಹದೋಷವೇ, ತೂಕಡಿಕೆಗೆ ಪರಿಹಾರವೇನು, ನಿದ್ದೆ ಪಾಪವೇ. ಮೊದಲ ಎರಡು ಸಣ್ಣವು, ಬೇಗ ಮುಗಿಸುತ್ತೇನೆ. ಉಳಿದೆರಡಕ್ಕೆ ಸ್ವಲ್ಪ ನಿಧಾನವಾಗಿ ಕೂತು ಮಾತಾಡಬೇಕು.

ನೀವು ಕಲಿತು ಬಂದದ್ದಕ್ಕೆ ಪಾಲಿ ಭಾಷೆಯಲ್ಲಿ ಆನಾಪಾನಸತಿ ಎಂದು ಹೆಸರು. ಆನ ಅಂದರೆ ಒಳಗೆ ಬರುವ ಉಸಿರು, ಅಪಾನ ಅಂದರೆ ಹೊರಗೆ ಹೋಗುವ ಉಸಿರು, ಸತಿ ಅಂದರೆ ನಮ್ಮ ಸ್ಮೃತಿ. ಮಜ್ಝಿಮ ನಿಕಾಯದಲ್ಲಿ ಇದಕ್ಕೇ ಮೀಸಲಾದ ಸುತ್ತವಿದೆ, ಅದರಲ್ಲಿ ಹದಿನಾರು ಮೆಟ್ಟಿಲು ಹೇಳಿದೆ. ಬರ್ಮಾದಲ್ಲಿ ಹುಟ್ಟಿ ಅಲ್ಲಿನ ಸಯಾಜಿ ಊ ಬಾ ಖಿನ್ ಅವರಲ್ಲಿ ಕಲಿತ ಗೋಯಂಕಾ ಅವರು 1969ರಲ್ಲಿ ಭಾರತಕ್ಕೆ ಬಂದು ಹತ್ತು ದಿನದ ಶಿಬಿರಗಳನ್ನು ನಡೆಸಿದ ಮೇಲೆ ನಮ್ಮ ಕಡೆಯ ಗೃಹಸ್ಥರಿಗೂ ಇದು ಪರಿಚಯವಾಯಿತು. ಆ ಶಿಬಿರಗಳಲ್ಲಿ ಹತ್ತು ದಿನ ಜಪ, ಪೂಜೆ, ಮಣಿ ಎಣಿಸುವುದು ಯಾವುದೂ ಬೇಡ ಅನ್ನುವ ನಿಯಮವಿದೆ. ಅದು ಶಿಬಿರದ ನಿಯಮ. ವೈದ್ಯರು ಔಷಧ ಕೊಟ್ಟಾಗ "ಇದು ಮುಗಿಯುವ ತನಕ ಬೇರೆ ಕಷಾಯ ಬೇಡ" ಅನ್ನುವುದಿಲ್ಲವೇ, ಹಾಗೆ. ಮನೆಗೆ ಬಂದ ಮೇಲೆ ನಿಮ್ಮ ದೇವರ ದೀಪ, ನಿಮ್ಮ ಸಹಸ್ರನಾಮ ನಿಮ್ಮದೇ. ಅವರ ಸಿದ್ಧಾಂತಕ್ಕೂ ನಮ್ಮ ವೇದಾಂತಕ್ಕೂ ಆತ್ಮದ ವಿಚಾರದಲ್ಲಿ ಭೇದವಿದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಕೂತು ಉಸಿರು ಗಮನಿಸಿದ್ದಕ್ಕೆ ದೇವರು ಮುನಿಸಿಕೊಂಡು ನಿದ್ದೆ ಕಳಿಸುತ್ತಾನೆ ಅನ್ನುವುದು ದೇವರ ಬಗ್ಗೆ ತೀರಾ ಸಣ್ಣ ಮಾತು. ಜಪಕ್ಕೆ ಕೂತವರೂ ತೂಕಡಿಸುತ್ತಾರೆ. ಹರಿಕಥೆಯಲ್ಲಿ ಕಂಬಕ್ಕೆ ಒರಗಿ ಗೊರಕೆ ಹೊಡೆಯುವವರನ್ನು ನಿಮ್ಮ ಓರಗಿತ್ತಿಯವರೂ ನೋಡಿಯೇ ಇರುತ್ತಾರೆ. ಒಂದು ಹೊತ್ತಿಗೆ ಒಂದನ್ನೇ ಮಾಡಿ, ಎರಡನ್ನೂ ಕಲಸಬೇಡಿ, ಅಷ್ಟು ಸಾಕು.

ಇನ್ನು ಶನಿ. ಜ್ಯೋತಿಷದಲ್ಲಿ ಹನ್ನೆರಡನೆಯ ಭಾವದಿಂದ ಶಯನಸುಖವನ್ನು ನೋಡುವುದುಂಟು, ಶನಿಯನ್ನು ತಮೋಗುಣದ ಗ್ರಹ ಅನ್ನುವುದೂ ಉಂಟು. ನಾನೂ ಅದೇ ಶಾಸ್ತ್ರದಿಂದ ಅನ್ನ ತಿನ್ನುವವನು, ಅದನ್ನು ಹಗುರ ಮಾಡುವುದಿಲ್ಲ. ಆದರೆ ಶಾಸ್ತ್ರ ಇರುವುದು ಕಾಲವನ್ನು ತಿಳಿಯುವುದಕ್ಕೆ, ಪ್ರತಿ ಆಕಳಿಕೆಗೂ ಒಂದು ಗ್ರಹವನ್ನು ಹಿಡಿದು ತರುವುದಕ್ಕಲ್ಲ. ಶನಿವಾರ ಎಳ್ಳೆಣ್ಣೆ ದೀಪ ಹಚ್ಚುವ ಭಕ್ತಿ ಇದ್ದರೆ ಹಚ್ಚಿ. ತೂಕಡಿಕೆ ನಿಲ್ಲಲಿ ಅಂತ ಸಾಲ ಮಾಡಿ ಶಾಂತಿ ಮಾಡಿಸುವ ಅಗತ್ಯವಿಲ್ಲ.

ಈಗ ತೂಕಡಿಕೆಗೆ ಬರೋಣ. ಇದಕ್ಕೆ ನಾಚಿಕೆಪಡಬೇಡಿ. ಅಂಗುತ್ತರ ನಿಕಾಯದಲ್ಲಿ ಒಂದು ಪ್ರಸಂಗ ಬರುತ್ತದೆ. ಮೌದ್ಗಲ್ಯಾಯನರು ಹುಟ್ಟಿನಿಂದ ಬ್ರಾಹ್ಮಣರು, ಬುದ್ಧನ ಇಬ್ಬರು ಅಗ್ರಶಿಷ್ಯರಲ್ಲಿ ಒಬ್ಬರು. ಇವರ ಮತ್ತು ಸಾರಿಪುತ್ತರ ಅವಶೇಷಗಳೆಂದು ಹೆಸರು ಕೆತ್ತಿದ ಪೆಟ್ಟಿಗೆಗಳು ಸಾಂಚಿಯಲ್ಲಿ 1851ರಲ್ಲಿ ಸಿಕ್ಕವು. ಅಂಥವರು ಮಗಧದ ಕಲ್ಲವಾಳಮುತ್ತ ಅನ್ನುವ ಹಳ್ಳಿಯಲ್ಲಿ ಧ್ಯಾನಕ್ಕೆ ಕೂತು ತೂಕಡಿಸುತ್ತಿದ್ದರಂತೆ. ಬುದ್ಧ ಆಗ ದೂರದ ಭಗ್ಗರ ನಾಡಿನಲ್ಲಿ, ಸುಂಸುಮಾರಗಿರಿಯ ಭೇಸಕಳಾವನದಲ್ಲಿದ್ದ. ಶಿಷ್ಯನ ಸ್ಥಿತಿಯನ್ನು ದಿವ್ಯದೃಷ್ಟಿಯಿಂದ ಕಂಡು ಎದುರಿಗೆ ಬಂದು ನಿಂತ ಅನ್ನುತ್ತದೆ ಸುತ್ತ. ಬಂದವನು ಕೇಳಿದ ಮೊದಲ ಮಾತು, ತೂಕಡಿಸುತ್ತಿದ್ದೀಯಾ ಅಂತ. ಹೌದು ಭಂತೇ ಅಂತ ಶಿಷ್ಯ ಒಪ್ಪಿಕೊಂಡರು. ಬುದ್ಧ ಬೈಯಲಿಲ್ಲ, ಪಾಪ ಅನ್ನಲಿಲ್ಲ. ಒಂದಾದ ಮೇಲೊಂದು ಉಪಾಯ ಹೇಳಿಕೊಟ್ಟ.

ಆ ಉಪಾಯಗಳ ಕ್ರಮವನ್ನು ನೋಡಿ. ಮೊದಲನೆಯದು, ಯಾವುದನ್ನು ಮನಸ್ಸಿನಲ್ಲಿ ಹಿಡಿದಿದ್ದಾಗ ಮಂಪರು ಬಂತೋ ಅದನ್ನು ಬಿಟ್ಟು ಬೇರೆಯದನ್ನು ಹಿಡಿ. ಅದರಿಂದ ಹೋಗದಿದ್ದರೆ, ಕೇಳಿ ಕಲಿತ ಧರ್ಮವನ್ನು ಮನಸ್ಸಿನಲ್ಲೇ ವಿಚಾರ ಮಾಡು. ಹೋಗದಿದ್ದರೆ ಅದನ್ನೇ ಬಾಯಿಬಿಟ್ಟು ವಿಸ್ತಾರವಾಗಿ ಪಠಿಸು. ಆಮೇಲೆ ಎರಡೂ ಕಿವಿ ಎಳೆದುಕೋ, ಕೈಕಾಲು ತಿಕ್ಕಿಕೋ. ಆಮೇಲೆ ಎದ್ದು ಕಣ್ಣಿಗೆ ನೀರು ಹಾಕಿಕೊಂಡು ದಿಕ್ಕುಗಳನ್ನು ನೋಡು, ತಲೆಯೆತ್ತಿ ನಕ್ಷತ್ರಗಳನ್ನು ನೋಡು. ಆಮೇಲೆ ಬೆಳಕನ್ನು ಭಾವಿಸು, ರಾತ್ರಿಯಾದರೂ ಹಗಲೇ ಅನ್ನುವ ಹಾಗೆ. ಆಮೇಲೆ ಆ ಕಡೆಯಿಂದ ಈ ಕಡೆಗೆ ನಡೆದಾಡು, ಇಂದ್ರಿಯಗಳನ್ನು ಒಳಕ್ಕೆ ಇಟ್ಟುಕೊಂಡು. ಇಷ್ಟಕ್ಕೂ ಹೋಗದಿದ್ದರೆ? ಬಲಮಗ್ಗುಲಾಗಿ, ಪಾದದ ಮೇಲೆ ಪಾದವಿಟ್ಟು, ಏಳಬೇಕು ಅನ್ನುವ ಸಂಕಲ್ಪ ಮಾಡಿಕೊಂಡು ಮಲಗು. ಎಚ್ಚರವಾದ ಕೂಡಲೇ ಎದ್ದುಬಿಡು, ಮಲಗಿದ ಸುಖಕ್ಕೆ ಅಂಟಿಕೊಳ್ಳಬೇಡ.

ಕೊನೆಯ ಉಪಾಯ ಏನು ಗಮನಿಸಿದಿರಾ? ನಿದ್ದೆಯೇ. ನಿದ್ದೆಗೆ ಔಷಧಿಗಳ ಪಟ್ಟಿಯಲ್ಲಿ ನಿದ್ದೆಗೂ ಜಾಗ ಕೊಟ್ಟಿದ್ದಾನೆ. ದೇಹ ನಿಜವಾಗಿ ದಣಿದಿದ್ದರೆ ಅದರೊಂದಿಗೆ ಜಗಳ ಬೇಡ, ಕೊಡಬೇಕಾದ್ದನ್ನು ಕೊಟ್ಟು, ಲೆಕ್ಕ ತೀರಿಸಿ, ಎದ್ದು ಬಾ ಅಂತ ಅರ್ಥ. ನಕ್ಷತ್ರ ನೋಡು ಅಂದದ್ದು ಓದಿ ಜ್ಯೋತಿಷಿಯಾದ ನನಗೆ ಸಂತೋಷವೇ ಆಯಿತು. ಜಾತಕ ನೋಡುವುದಕ್ಕಲ್ಲ, ಕಣ್ಣು ತೆರೆಯುವುದಕ್ಕೂ ನಕ್ಷತ್ರಗಳು ಉಪಯೋಗಕ್ಕೆ ಬರುತ್ತವೆ!

ನಮ್ಮ ಕರ್ಮದಲ್ಲೂ ಇದೆಲ್ಲ ಇದೆ, ನಾವು ಗಮನಿಸುವುದಿಲ್ಲ ಅಷ್ಟೇ. ಪ್ರಾತಃಸಂಧ್ಯೆಯಲ್ಲಿ ಗಾಯತ್ರಿಯನ್ನು ಸೂರ್ಯ ಕಾಣುವ ತನಕ ನಿಂತು ಜಪಿಸಬೇಕು, ಸಾಯಂಕಾಲ ನಕ್ಷತ್ರ ಕಾಣುವ ತನಕ ಕೂತು ಜಪಿಸಬೇಕು ಅಂತ ಮನುಸ್ಮೃತಿ ವಿಧಿಸುತ್ತದೆ. ನಸುಕಿನಲ್ಲಿ ನಿಲ್ಲಿಸಿದ್ದು ಯಾಕೆ ಅಂತ ತೂಕಡಿಸುವವನಿಗೆ ವಿವರಿಸಬೇಕಾಗಿಲ್ಲ. ಆಚಮನ, ಮಾರ್ಜನ, ಅರ್ಘ್ಯ ಅಂತ ಜಪಕ್ಕೆ ಮುಂಚೆ ಮೂರು ಸಲ ನೀರಿನ ಸಂಪರ್ಕ ಬರುತ್ತದೆ. ಆಚಮನಕ್ಕೆ ನೀರಿಲ್ಲದಿದ್ದರೆ ಬಲಗಿವಿ ಮುಟ್ಟಿಕೊಳ್ಳುವ ಪದ್ಧತಿಯೂ ಉಂಟು. ಅವುಗಳ ಉದ್ದೇಶ ಶುದ್ಧಿ, ನಿಜ. ಆದರೆ ಎಚ್ಚರವೂ ಶುದ್ಧಿಯ ಒಂದು ಭಾಗವೇ. ನಾವು ಪಾಠಶಾಲೆಯಲ್ಲಿ ಬೆಳಗಿನ ಸಂಥೆಗೆ ಕೂತಾಗ ಯಾವನಾದರೂ ತೂಕಡಿಸಿದರೆ ಗುರುಗಳು ಹೊಡೆಯುತ್ತಿರಲಿಲ್ಲ. "ಎದ್ದು ನಿಂತು ಹೇಳೋ" ಅನ್ನುತ್ತಿದ್ದರು. ನಿಂತು, ಸ್ವರ ಸಮೇತ, ಗಟ್ಟಿಯಾಗಿ. ಉದಾತ್ತ ಅನುದಾತ್ತ ಹಿಡಿದು ಹೇಳುವವನಿಗೆ ನಿದ್ದೆ ಎಲ್ಲಿಂದ ಬರಬೇಕು?

ಆದರೆ ಎಲ್ಲ ತೂಕಡಿಕೆಯೂ ಒಂದೇ ಅಲ್ಲ. ಬೌದ್ಧರು ಧ್ಯಾನಕ್ಕೆ ಅಡ್ಡ ಬರುವ ಐದು ನೀವರಣಗಳನ್ನು ಹೇಳುತ್ತಾರೆ: ಕಾಮ, ದ್ವೇಷ, ಥೀನ-ಮಿದ್ಧ, ಚಾಂಚಲ್ಯ-ಪಶ್ಚಾತ್ತಾಪ, ಸಂಶಯ. ಇದರಲ್ಲಿ ಮೂರನೆಯದು ನಿಮ್ಮದು. ಅದು ಜೋಡಿ ಪದ. ಥೀನ ಅಂದರೆ ಮನಸ್ಸಿನ ಜಡ, ಸಂಸ್ಕೃತದ ಸ್ತ್ಯಾನ. ಮಿದ್ಧ ಅಂದರೆ ಮಂಪರು. ನಮ್ಮ ಪತಂಜಲಿಯೂ ಯೋಗಕ್ಕೆ ಒಂಬತ್ತು ಅಂತರಾಯಗಳನ್ನು ಹೇಳುವಾಗ ಸ್ತ್ಯಾನ ಮತ್ತು ಆಲಸ್ಯ ಎರಡನ್ನೂ ಬೇರೆಬೇರೆಯಾಗಿ ಎಣಿಸುತ್ತಾನೆ. ಸ್ತ್ಯಾನ ಅಂದರೆ ಚಿತ್ತ ಕೆಲಸಕ್ಕೆ ಬಾರದ ಹಾಗಾಗುವುದು, ಆಲಸ್ಯ ಅಂದರೆ ದೇಹ ಮನಸ್ಸು ಭಾರವಾಗಿ ಮುಂದಕ್ಕೆ ಹೋಗದಿರುವುದು ಎಂದು ವ್ಯಾಸಭಾಷ್ಯ ಬಿಡಿಸಿ ಹೇಳುತ್ತದೆ. ಆ ಒಂಬತ್ತರಲ್ಲಿ ಮೊದಲನೆಯದು ಯಾವುದು ಗೊತ್ತೇ? ವ್ಯಾಧಿ. ಆದ್ದರಿಂದ ಮೊದಲು ವೈದ್ಯರ ಹತ್ತಿರ ಹೋಗಿ. ಸಕ್ಕರೆ, ಥೈರಾಯ್ಡ್, ರಕ್ತಹೀನತೆ ಪರೀಕ್ಷೆ ಮಾಡಿಸಿಕೊಳ್ಳಿ. ರಾತ್ರಿ ಜೋರಾಗಿ ಗೊರಕೆ ಬರುತ್ತದೆಯೇ, ಉಸಿರು ಕಟ್ಟಿ ಎಚ್ಚರವಾಗುತ್ತದೆಯೇ ಅಂತ ಮಗಳನ್ನು ಕೇಳಿ, ಅದನ್ನೂ ಹೇಳಿ. ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಮಂಪರು ತರುವಂಥದ್ದು ಇದೆಯೇ ಅಂತ ವಿಚಾರಿಸಿ. ರಕ್ತ ಕಡಿಮೆಯಾಗಿರುವವರಿಗೆ ಪ್ರಾಯಶ್ಚಿತ್ತ ಹೇಳುವ ಪುರೋಹಿತ ಪುರೋಹಿತನಲ್ಲ.

ಎರಡನೆಯದು ನಿದ್ದೆಯ ಸಾಲ. ನಾಲ್ಕೂವರೆಗೆ ಏಳುತ್ತೀರಿ, ಸರಿ. ಮಲಗುವುದು ಎಷ್ಟು ಹೊತ್ತಿಗೆ? ಅದನ್ನು ನೀವು ಬರೆದಿಲ್ಲ. ಶಿಬಿರದಲ್ಲಿ ನಾಲ್ಕು ಗಂಟೆಗೆ ಗಂಟೆ ಹೊಡೆಯುತ್ತಾರೆ, ನಿಜ. ಆದರೆ ಅಲ್ಲಿ ರಾತ್ರಿ ಒಂಬತ್ತೂವರೆಗೆಲ್ಲ ದೀಪ ಆರುತ್ತದೆ, ಅಡುಗೆಯ ಕೆಲಸವಿಲ್ಲ, ಫೋನಿಲ್ಲ, ಮಾತಿಲ್ಲ, ಮೊಮ್ಮಕ್ಕಳ ಹೋಂವರ್ಕ್ ಇಲ್ಲ. ಮನೆಯಲ್ಲಿ ಹನ್ನೊಂದೂವರೆಗೆ ಮಲಗಿ ಶಿಬಿರದ ಹೊತ್ತಿಗೆ ಏಳುತ್ತೀರಾದರೆ ಅದು ತಪಸ್ಸಲ್ಲ, ಬರೀ ನಿದ್ದೆಗೇಡು. ಅತಿಯಾಗಿ ನಿದ್ದೆ ಮಾಡುವವನಿಗೂ ಯೋಗವಿಲ್ಲ, ಅತಿಯಾಗಿ ಎಚ್ಚರವಿರುವವನಿಗೂ ಯೋಗವಿಲ್ಲ ಅಂತ ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತ ಹೇಳಿದ್ದಾನೆ. ಮೊದಲ ಅರ್ಧವನ್ನು ಎಲ್ಲರೂ ಹೇಳುತ್ತಾರೆ, ಎರಡನೆಯ ಅರ್ಧವನ್ನು ಯಾರೂ ಹೇಳುವುದಿಲ್ಲ.

ಮೂರನೆಯದು ಈ ಧ್ಯಾನದ ಸ್ವಭಾವಕ್ಕೇ ಸೇರಿದ್ದು. ಐದನೆಯ ಶತಮಾನದಲ್ಲಿ ಸಿಂಹಳದ ಅನುರಾಧಪುರದಲ್ಲಿ ಕೂತು ಬುದ್ಧಘೋಷ ಬರೆದ ವಿಶುದ್ಧಿಮಗ್ಗದಲ್ಲಿ ಇದನ್ನು ಸೊಗಸಾಗಿ ವಿವರಿಸಿದೆ. ಬೇರೆ ಧ್ಯಾನಗಳಲ್ಲಿ ಅಭ್ಯಾಸ ಮಾಡಿದಷ್ಟೂ ಹಿಡಿದ ವಸ್ತು ಸ್ಪಷ್ಟವಾಗುತ್ತದೆ. ಉಸಿರು ಹಾಗಲ್ಲ, ಮನಸ್ಸು ಶಾಂತವಾದಷ್ಟೂ ಅದು ಸೂಕ್ಷ್ಮವಾಗುತ್ತದೆ. ಗಂಟೆ ಬಾರಿಸಿದಾಗ ನಾದ ಕ್ಷೀಣಿಸುತ್ತಾ ಹೋಗುವ ಹಾಗೆ. ಕಿವಿಯೂ ಅಷ್ಟೇ ಸೂಕ್ಷ್ಮವಾಗದಿದ್ದರೆ ನಾದ ಕೈಬಿಟ್ಟುಹೋಗುತ್ತದೆ, ಆ ಜಾಗಕ್ಕೆ ನಿದ್ದೆ ಬಂದು ಕೂರುತ್ತದೆ. ಶಾಂತಿ ಹೆಚ್ಚಾಗಿ, ವೀರ್ಯ ಅಂದರೆ ಪ್ರಯತ್ನ ಕಡಿಮೆಯಾದಾಗ ಮನಸ್ಸು ಜಡಕ್ಕೆ ಜಾರುತ್ತದೆ, ಪ್ರಯತ್ನ ಹೆಚ್ಚಾಗಿ ಶಾಂತಿ ಕಡಿಮೆಯಾದಾಗ ಚಂಚಲವಾಗುತ್ತದೆ, ಎರಡೂ ತಕ್ಕಡಿಯ ಹಾಗೆ ಸಮವಿರಬೇಕು ಅನ್ನುತ್ತಾರೆ. ಅದಕ್ಕೆ ಅವರು ಹೇಳುವ ಉಪಾಯ ಎಣಿಕೆ. ಉಸಿರನ್ನು ಎಣಿಸಿ, ಐದಕ್ಕಿಂತ ಮೊದಲೇ ನಿಲ್ಲಿಸಬೇಡಿ, ಹತ್ತನ್ನು ದಾಟಬೇಡಿ, ಮತ್ತೆ ಒಂದರಿಂದ ಶುರು. ಎಣಿಕೆ ಎಲ್ಲಿ ತಪ್ಪಿತೋ ಅಲ್ಲಿ ಮಂಪರು ಬಾಗಿಲಿಗೆ ಬಂದಿದೆ ಅಂತ ತಿಳಿಯುತ್ತದೆ. ನಿಮ್ಮ ಶಿಬಿರದ ಪದ್ಧತಿಯಲ್ಲಿ ಎಣಿಸುವುದು ಬೇಡ ಎಂದಿದ್ದರೆ ಅಲ್ಲಿನ ಆಚಾರ್ಯರನ್ನು ಕೇಳಿಕೊಂಡೇ ಮಾಡಿ.

ಇಲ್ಲೊಂದು ಎಚ್ಚರಿಕೆ. ಕೆಲವರು ಈ ಮಂಪರನ್ನೇ ಸಮಾಧಿ ಅಂದುಕೊಂಡು ಖುಷಿಪಡುತ್ತಾರೆ. "ಒಂದು ಗಂಟೆ ಹೇಗೆ ಹೋಯಿತೋ ಗೊತ್ತೇ ಆಗಲಿಲ್ಲ ಸ್ವಾಮಿ" ಅಂತ ನನ್ನ ಹತ್ತಿರವೂ ಹೇಳಿದವರಿದ್ದಾರೆ. ಗೌಡಪಾದಾಚಾರ್ಯರು ಮಾಂಡೂಕ್ಯ ಕಾರಿಕೆಯಲ್ಲಿ ಇದನ್ನು ಲಯ ಅನ್ನುತ್ತಾರೆ. ಸುಷುಪ್ತಿಯಲ್ಲಿ ಮನಸ್ಸು ಕರಗಿಹೋಗುತ್ತದೆ, ನಿಗ್ರಹಗೊಂಡ ಮನಸ್ಸು ಕರಗುವುದಿಲ್ಲ, ಎರಡೂ ಬೇರೆ; ಲಯಕ್ಕೆ ಜಾರಿದ ಚಿತ್ತವನ್ನು ಎಬ್ಬಿಸಬೇಕು, ಚದುರಿದ ಚಿತ್ತವನ್ನು ಶಾಂತಗೊಳಿಸಬೇಕು ಅಂತ ಅವರ ಮತ. ಪರೀಕ್ಷೆ ಸುಲಭ. ಎದ್ದ ಮೇಲೆ ತಲೆ ಭಾರವಾಗಿ, ಬಾಯಿ ಒಣಗಿ, ಎಲ್ಲಿದ್ದೆ ಅಂತ ತಿಳಿಯದಿದ್ದರೆ ಅದು ನಿದ್ದೆ. ಹಗುರವಾಗಿ, ತಿಳಿಯಾಗಿ, ಉಸಿರಿನ ನೆನಪು ಉಳಿದಿದ್ದರೆ ಧ್ಯಾನ. ನೀವು ಮಂಜು ಎಂದು ಬರೆದಿದ್ದೀರಿ. ಸಂಗಾರವ ಅನ್ನುವ ಬ್ರಾಹ್ಮಣನಿಗೆ ಬುದ್ಧ ಹೇಳಿದ ಹೋಲಿಕೆಯೂ ಹಾಗೇ ಇದೆ: ಪಾಚಿ ಕಟ್ಟಿದ ನೀರಿನಲ್ಲಿ ಮುಖ ಕಾಣದು. ನೀರಿಗೆ ಏನೂ ಆಗಿಲ್ಲ. ಮೇಲೆ ಪಾಚಿ ಇದೆ, ಅಷ್ಟೇ.

ಈಗ ನಾಲ್ಕನೆಯ ಪ್ರಶ್ನೆ, ನೀವು ನಿಜವಾಗಿ ಕೇಳಿದ್ದು. ನಿದ್ದೆ ಪಾಪವೇ?

ಶಾಸ್ತ್ರದಲ್ಲಿ ನಿದ್ದೆಗೆ ದೋಷ ಹೇಳಿಯೇ ಇಲ್ಲ ಅಂತ ಸಮಾಧಾನಕ್ಕೆ ಸುಳ್ಳು ಹೇಳುವುದಿಲ್ಲ. ಬ್ರಹ್ಮಚಾರಿ ಮಲಗಿದ್ದಾಗಲೇ ಸೂರ್ಯ ಹುಟ್ಟಿದರೆ ಅಥವಾ ಮುಳುಗಿದರೆ ದೋಷ ಅಂತ ಮನುಸ್ಮೃತಿ ಹೇಳುತ್ತದೆ. ಆದರೆ ಅದಕ್ಕೆ ಪ್ರಾಯಶ್ಚಿತ್ತ ಎಷ್ಟು? ಒಂದು ದಿನ ಉಪವಾಸ, ಜಪ. ಅಷ್ಟೇ. ಅದೂ ನಿದ್ದೆಗಲ್ಲ, ಹೊತ್ತಿಗೆ ಮಾಡಬೇಕಾದ ಸಂಧ್ಯೆ ತಪ್ಪಿದ್ದಕ್ಕೆ. ಅದರ ಮಾರನೆಯ ದಿನ ಅವನು ಶುದ್ಧ. ಶಾಸ್ತ್ರ ಒಂದು ದಿನದಲ್ಲಿ ಮುಗಿಸುವುದನ್ನು ನಾವು ನಾಲ್ಕು ವರ್ಷ ಎಳೆದರೆ ಅದು ಶಾಸ್ತ್ರಕ್ಕಿಂತ ನಾವೇ ದೊಡ್ಡವರು ಅಂದ ಹಾಗೆ.

ಇನ್ನೊಂದು ನೋಡಿ. ಧರ್ಮಶಾಸ್ತ್ರ ಪಾಪವನ್ನು ತೂಗುವಾಗ ಬೇಕೆಂದು ಮಾಡಿದ್ದು, ಬೇಡವೆಂದರೂ ಆಗಿಹೋದದ್ದು ಅಂತ ಎರಡಾಗಿ ನೋಡುತ್ತದೆ. ಆರು ತಿಂಗಳು ರಾತ್ರಿ ಹಗಲು ಶುಶ್ರೂಷೆ ಮಾಡಿದ ದೇಹ ಒಂದು ಗಳಿಗೆಯಲ್ಲಿ ಕುಸಿದದ್ದು ಬೇಕೆಂದು ಮಾಡಿದ ಕರ್ಮವೇ? ನೀವು ಮಲಗೋಣ ಅಂತ ನಿಶ್ಚಯ ಮಾಡಿದಿರಾ? ಅವರನ್ನು ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿರಾ? ಪಕ್ಕದಲ್ಲೇ ಕೂತಿದ್ದಿರಿ. ಅದು ನೀವು ಮಾಡಿದ್ದಲ್ಲ ತಾಯಿ, ನಿಮಗೆ ಆದದ್ದು. ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಉಂಟು, ಆದದ್ದಕ್ಕೆ ಇಲ್ಲ.

ಮಹಾಭಾರತದ ದ್ರೋಣಪರ್ವವನ್ನು ನೆನಪಿಸಿಕೊಳ್ಳಿ. ಯುದ್ಧದ ಹದಿನಾಲ್ಕನೆಯ ದಿನ ಸೈಂಧವನ ವಧೆಯಾಗಿ, ಸೂರ್ಯ ಮುಳುಗಿದರೂ ಯುದ್ಧ ನಿಲ್ಲದೆ, ರಾತ್ರಿಯಲ್ಲಿ ಘಟೋತ್ಕಚನೂ ಬಿದ್ದ ಮೇಲೆ ಎರಡೂ ಕಡೆಯ ಸೈನಿಕರಿಗೆ ಕಣ್ಣು ತೆರೆಯಲಾಗುವುದಿಲ್ಲ. ನಿದ್ದೆಗಣ್ಣಲ್ಲಿ ತಮ್ಮವರನ್ನೇ ಕಡಿಯುತ್ತಾರೆ. ಆಗ ಅರ್ಜುನ ಗಟ್ಟಿಯಾಗಿ ಕೂಗಿ ಹೇಳುತ್ತಾನೆ: ಎಲ್ಲರೂ ಇಲ್ಲೇ ರಣರಂಗದಲ್ಲೇ ಮಲಗಿ, ಚಂದ್ರ ಹುಟ್ಟಿದ ಮೇಲೆ ಮತ್ತೆ ಯುದ್ಧ ಮಾಡೋಣ. ಶತ್ರುಗಳೂ ಅವನನ್ನು ಹರಸಿ ಮಲಗುತ್ತಾರೆ. ಆನೆ, ಕುದುರೆ, ಮನುಷ್ಯರು ಎಲ್ಲ. ಅಂಥ ಘೋರ ಯುದ್ಧವೇ ನಿದ್ದೆಯ ಮುಂದೆ ತಲೆಬಾಗಿ ನಿಂತಿತು. ಅದೇ ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮ ಮಲಗಿದ್ದವರನ್ನು ಕೊಂದ. ಆ ಪಾಪ ಯಾರಿಗೆ ಅಂಟಿತು? ಕೊಂದವನಿಗೆ. ಮಲಗಿದ್ದವರು ಎಚ್ಚರ ತಪ್ಪಿದ್ದೇ ಅಪರಾಧ ಅಂತ ವ್ಯಾಸರು ಎಲ್ಲಿಯೂ ಹೇಳಲಿಲ್ಲ.

ಬೌದ್ಧರ ಕಡೆಯಿಂದಲೂ ಒಂದು ಮಾತು ಹೇಳುತ್ತೇನೆ, ಯಾಕೆಂದರೆ ನೀವು ಕೂರುವುದು ಅವರ ಧ್ಯಾನಕ್ಕೆ. ಸಚ್ಚಕ ಅನ್ನುವ ಒಬ್ಬ ವಾದಿ ವೈಶಾಲಿಯಲ್ಲಿ ಬುದ್ಧನನ್ನು ಸಿಕ್ಕಿಸಬೇಕೆಂದು ಕೇಳುತ್ತಾನೆ, ನೀನು ಹಗಲಲ್ಲಿ ಮಲಗಿದ್ದು ನೆನಪಿದೆಯೇ ಅಂತ. ಬುದ್ಧ ತಪ್ಪಿಸಿಕೊಳ್ಳುವುದಿಲ್ಲ. ಬೇಸಿಗೆಯ ಕೊನೆಯ ತಿಂಗಳಲ್ಲಿ, ಭಿಕ್ಷೆಯ ಊಟವಾದ ಮೇಲೆ ಸಂಘಾಟಿಯನ್ನು ಮಡಿಸಿ ಹಾಸಿ ಬಲಮಗ್ಗುಲಾಗಿ ಮಲಗಿದ್ದುಂಟು ಅನ್ನುತ್ತಾನೆ. ಇದನ್ನು ಮೋಹ ಅನ್ನುವವರಿದ್ದಾರಲ್ಲ ಅಂದರೆ, ಮಲಗಿದ ಮಾತ್ರಕ್ಕೆ ಒಬ್ಬ ಮೂಢನೂ ಆಗುವುದಿಲ್ಲ, ಎದ್ದಿದ್ದ ಮಾತ್ರಕ್ಕೆ ಜ್ಞಾನಿಯೂ ಆಗುವುದಿಲ್ಲ, ಒಳಗಿನ ಕೊಳೆ ಹೋಗಿದೆಯೋ ಇಲ್ಲವೋ ಅದೇ ಅಳತೆ ಅನ್ನುವ ಅರ್ಥದ ಉತ್ತರ ಕೊಡುತ್ತಾನೆ. ಎರಡು ದರ್ಶನಗಳು ಬೇರೆಯಾದರೂ ಈ ಒಂದು ವಿಷಯದಲ್ಲಿ ತೀರ್ಪು ಒಂದೇ ಆಗಿದೆ.

ಹಾಗಾದರೆ ನಿದ್ದೆಯಲ್ಲಿ ತಪ್ಪೇ ಇಲ್ಲವೇ? ಇದೆ. ಎದ್ದೇಳಬಹುದಾಗಿದ್ದೂ ಏಳದಿರುವುದು, ಕಂಡದ್ದನ್ನು ಕಾಣದ ಹಾಗೆ ಕಣ್ಣು ಮುಚ್ಚುವುದು, ಮಂಪರಿನ ಸುಖಕ್ಕಾಗಿಯೇ ಮಂಪರಿಗೆ ಹೋಗುವುದು. ಗೀತೆ ತಾಮಸ ಸುಖ ಅಂತ ಕರೆದದ್ದು ಅದನ್ನು. ಅಲ್ಲಿ ಒಂದು ಆಯ್ಕೆ ಇರುತ್ತದೆ. ನಾವು ಉತ್ತರ ಹೇಳಬೇಕಾದದ್ದು ನಮ್ಮ ಆಯ್ಕೆಗೆ, ನಮ್ಮ ದಣಿವಿಗಲ್ಲ. ಈ ಗೆರೆ ಸ್ಪಷ್ಟವಾಗಿರಬೇಕು. ಇಲ್ಲದಿದ್ದರೆ ಸೋಮಾರಿ "ದೇಹಧರ್ಮ" ಅಂತ ತಪ್ಪಿಸಿಕೊಳ್ಳುತ್ತಾನೆ, ನಿಮ್ಮಂಥವರು ದೇಹಧರ್ಮವನ್ನೇ ಪಾಪ ಅಂತ ಹೊತ್ತುಕೊಳ್ಳುತ್ತೀರಿ.

ಇನ್ನೊಂದು ಮಾತು ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ಊಹೆ ಅಂತಲೇ ತೆಗೆದುಕೊಳ್ಳಿ. ಟೀವಿ ಮುಂದೆ, ಅಡುಗೆಮನೆಯಲ್ಲಿ ಬಾರದ ನಿದ್ದೆ ಉಸಿರು ಗಮನಿಸುವಾಗ ಮಾತ್ರ ಬರುತ್ತದೆ ಎಂದಿದ್ದೀರಿ. ಆರು ತಿಂಗಳು ರಾತ್ರಿ ಯಜಮಾನರ ಉಸಿರನ್ನು ಕೇಳುತ್ತಾ ಕೂತವರು ನೀವು. ಬಂತು, ಹೋಯಿತು, ಮತ್ತೆ ಬಂತೇ, ಅಂತ. ಈಗ ಕತ್ತಲಲ್ಲಿ ಒಬ್ಬರೇ ಕೂತು ಮತ್ತೆ ಉಸಿರನ್ನೇ ಕಾಯುತ್ತೀರಿ. ಮನಸ್ಸಿಗೆ ಆ ರಾತ್ರಿ ನೆನಪಾಗದೆ ಇರುತ್ತದೆಯೇ? ನೋಡಲಾರದ್ದು ಎದುರಿಗೆ ಬಂದಾಗ ಮನಸ್ಸು ಪರದೆ ಎಳೆದುಕೊಳ್ಳುತ್ತದೆ. ಅದು ದೌರ್ಬಲ್ಯವಲ್ಲ, ಗಾಯಕ್ಕೆ ಕಟ್ಟಿದ ಬಟ್ಟೆ. ಹಾಗಿದ್ದರೆ ಕಿವಿ ಎಳೆದುಕೊಂಡರೆ, ನೀರು ಚಿಮುಕಿಸಿಕೊಂಡರೆ ಸಾಲದು. ಮೊಗ್ಗಲ್ಲಾನರಿಗೆ ಹೇಳಿದ ಮೊದಲ ಉಪಾಯವೇ ನಿಮಗೆ: ಯಾವುದನ್ನು ಹಿಡಿದಾಗ ಮಂಪರು ಬರುತ್ತದೋ ಅದನ್ನು ಸ್ವಲ್ಪ ಕಾಲ ಬಿಡಿ. ಮನಸ್ಸು ಕುಗ್ಗಿದಾಗ ಶಾಂತಿಯನ್ನೇ ಇನ್ನೂ ಹೆಚ್ಚು ಮಾಡುವುದು ಆರುವ ಬೆಂಕಿಗೆ ಹಸಿ ಹುಲ್ಲು ಹಾಕಿದ ಹಾಗೆ ಅಂತ ಸಂಯುತ್ತ ನಿಕಾಯದಲ್ಲಿ ಹೋಲಿಕೆಯಿದೆ. ಆಗ ಬೇಕಾದ್ದು ವಿಚಾರ, ಉತ್ಸಾಹ, ಪ್ರೀತಿ.

ಆದ್ದರಿಂದ ಹೀಗೆ ಮಾಡಿ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ನಾಲ್ಕೂವರೆ ಬಿಡಿ. ರಾತ್ರಿ ಹತ್ತರೊಳಗೆ ಮಲಗಿ, ತುಂಬ ನಿದ್ದೆ ಮಾಡಿ ಆರಕ್ಕೆ ಎದ್ದು ಮುಖ ತೊಳೆದು ದೇವರ ಮುಂದೆ ದೀಪ ಹಚ್ಚಿ. ಬೆಳಕು ಬರುವ ಕಡೆ ಮುಖ ಮಾಡಿ ಕೂರಿ. ಗೋಡೆಗೆ ಒರಗಬೇಡಿ, ಮಂಡಿ ನೋವಿದ್ದರೆ ಕುರ್ಚಿಯೇ ಇರಲಿ, ಬೆನ್ನು ಮಾತ್ರ ನೆಟ್ಟಗಿರಲಿ. ಮೊದಲು ವಿಷ್ಣುಸಹಸ್ರನಾಮವೋ ಲಲಿತಾಸಹಸ್ರನಾಮವೋ, ನಿಮಗೆ ಬರುವುದನ್ನು ಗಟ್ಟಿಯಾಗಿ ಹೇಳಿ ಮುಗಿಸಿ. ಆಮೇಲೆ ಅಂಗಳದಲ್ಲೋ ಹಜಾರದಲ್ಲೋ ಹದಿನೈದು ನಿಮಿಷ ನಿಧಾನವಾಗಿ ನಡೆಯಿರಿ, ಪಾದ ನೆಲ ಮುಟ್ಟುವುದನ್ನು ಗಮನಿಸುತ್ತಾ. ಆಮೇಲೆ ಕಣ್ಣು ಅರ್ಧ ತೆರೆದುಕೊಂಡು ಹತ್ತೇ ನಿಮಿಷ ಉಸಿರು ನೋಡಿ. ಊಟವಾದ ಕೂಡಲೇ ಕೂರಬೇಡಿ. ಮಂಪರು ಬಂದರೆ ಎದ್ದು ನಿಲ್ಲಿ, ನಿಂತೇ ಮುಂದುವರಿಸಿ. ಆ ರಾತ್ರಿಯ ನೆನಪು ಬಂದರೆ ಅಳು ತಡೆಯಬೇಡಿ. ಅದು ಧ್ಯಾನ ಕೆಟ್ಟದ್ದಲ್ಲ, ಪಾಚಿ ಸರಿದದ್ದು. ದಿನವಿಡೀ ಮನಸ್ಸು ಕವಿದೇ ಇದ್ದರೆ, ಊಟ ರುಚಿಸದೆ ಯಾವುದೂ ಬೇಡ ಅನ್ನಿಸುತ್ತಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚಬೇಡ. ಆ ರಾತ್ರಿಯ ವಿಷಯವನ್ನು ಮಗಳಿಗೆ ಹೇಳಿದ್ದೀರಾ? ಪತ್ರ ಓದಿದರೆ ಇಲ್ಲ ಅನ್ನಿಸುತ್ತದೆ. ಹೇಳಿಬಿಡಿ.

ಅತಿಯಾಗಿಯೂ ಹೋಗಬೇಡಿ. ಸೋಣ ಅನ್ನುವ ಭಿಕ್ಷು ಪಾದ ಒಡೆದು ರಕ್ತ ಬರುವ ತನಕ ನಡೆದು ಸಾಧನೆ ಮಾಡಿ, ಫಲ ಕಾಣದೆ ಮನೆಗೆ ವಾಪಸು ಹೋಗಿಬಿಡೋಣ ಅಂದುಕೊಂಡನಂತೆ. ಅವನು ವೀಣೆ ನುಡಿಸಬಲ್ಲವನು. ತಂತಿ ಬಿಗಿಯಾದರೂ ನುಡಿಯದು, ಸಡಿಲವಾದರೂ ನುಡಿಯದು ಅಲ್ಲವೇ ಅಂತ ಬುದ್ಧ ಅವನಿಗೆ ಅವನದೇ ವಿದ್ಯೆಯಿಂದ ತಿಳಿಹೇಳಿದ.

ಕೊನೆಯದಾಗಿ ಪ್ರಾಯಶ್ಚಿತ್ತ. ಪಾಪವಿಲ್ಲದ ಕಡೆ ಪ್ರಾಯಶ್ಚಿತ್ತ ಹೇಳುವ ಅಧಿಕಾರ ನನಗಿಲ್ಲ. ಆದರೆ ಏನೂ ಮಾಡದೆ ಇರಲು ನಿಮ್ಮಿಂದ ಆಗುವುದಿಲ್ಲ ಅಂತಲೂ ಬಲ್ಲೆ. ಅಪರಕರ್ಮದಲ್ಲಿ ಶಯ್ಯಾದಾನ ಅಂತ ಒಂದಿದೆ, ಹಾಸಿಗೆ, ಹೊದಿಕೆ, ದಿಂಬು ಕೊಡುವುದು. ಹೋದವರಿಗೆ ಮುಂದಿನ ದಾರಿಯಲ್ಲಿ ವಿಶ್ರಾಂತಿ ಸಿಗಲಿ ಅಂತ. ಈ ಸಲ ಯಜಮಾನರ ತಿಥಿಯ ದಿನ ಶ್ರಾದ್ಧ ಮುಗಿದ ಮೇಲೆ, ನಿಮ್ಮ ಊರಿನ ಸರ್ಕಾರಿ ಆಸ್ಪತ್ರೆಗೆ ಮಗಳ ಜೊತೆ ಹೋಗಿ. ವಾರ್ಡಿನ ಹೊರಗೆ ಕಾರಿಡಾರಿನಲ್ಲಿ ಪೇಪರ್ ಹಾಸಿಕೊಂಡು ಕೂತಿರುವವರು ಕಾಣುತ್ತಾರೆ, ರೋಗಿಯನ್ನು ನೋಡಿಕೊಳ್ಳುವವರು. ಕೈಲಾದಷ್ಟು ಜನಕ್ಕೆ ಒಂದೊಂದು ಚಾಪೆ, ಒಂದೊಂದು ಹೊದಿಕೆ ಕೊಡಿ. ಅವರಲ್ಲಿ ಯಾರಾದರೂ ಕಣ್ಣು ಬಿಡಲಾರದೆ ಕೂತಿದ್ದರೆ, "ನೀವು ಒಂದು ಗಂಟೆ ಮಲಗಿ, ನಾನು ನೋಡಿಕೊಳ್ಳುತ್ತೇನೆ" ಅನ್ನಿ. ಅವರು ಮಲಗಿರುವಷ್ಟು ಹೊತ್ತು ನೀವು ಎಚ್ಚರವಾಗಿ ಕೂತಿರಿ. ನಿಮಗೆ ಯಾರೂ ಹೇಳದಿದ್ದ ಮಾತನ್ನು ನೀವು ಇನ್ನೊಬ್ಬರಿಗೆ ಹೇಳಿದ ಹಾಗಾಗುತ್ತದೆ.

ಮಂಗಳವಾಗಲಿ.